ಹಳದಿ ವೀಲ್ ಲಾಕ್: ಕಳ್ಳರಿಗಿಂತ ಮೆಕ್ಕೆಜೋಳದ ಹೊಟ್ಟಿನ ಕಾಟವೇ ಜಾಸ್ತಿ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಕ್ಯಾರವಾನಿನ ಚಕ್ರಕ್ಕೆ ಹಾಕುವ ಈ ಲಾಕ್ ಗಟ್ಟಿ ಇದೆ. ಕಬ್ಬಿಣ ದಪ್ಪ ಇದೆ, ಬಣ್ಣ ದೂರಕ್ಕೂ ಎದ್ದು ಕಾಣುತ್ತದೆ, ಚಕ್ರದ ನಟ್‌ಗಳನ್ನೆಲ್ಲ ಮುಚ್ಚುತ್ತದೆ. ನನ್ನ ಜಗಳ ಇರುವುದು ಅದರ ಕೀಲಿ ತೂತಿನ ಜೊತೆ. ಆ ತೂತು ಆಕಾಶ ನೋಡುತ್ತದೆ. ದಾವಣಗೆರೆಯಲ್ಲಿ ಆಕಾಶ ನೋಡುವ ಯಾವ ತೂತೂ ಒಂದು ವಾರ ಖಾಲಿ ಇರುವುದಿಲ್ಲ.

ನಮ್ಮದು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಚಿಕ್ಕ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ. ಒಂದೇ ಆಕ್ಸಲ್, ಎರಡು ಚಕ್ರ, 165/80 ಆರ್14 ಟೈರ್, ಕೆಳಗೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್). ಫ್ಯಾಬ್ರಿಕೇಷನ್ ಶಾಪಿನಲ್ಲಿ ಮಾಡಿಸಿದ್ದು. ಅದರ ಕಥೆ ಬೇರೆ, ಅದು ಇಲ್ಲಿ ಬೇಡ. ಮನೆ ಶಾಮನೂರು ಕಡೆ ಹೊಸ ಬಡಾವಣೆಯಲ್ಲಿದೆ. ಗೇಟಿನೊಳಗೆ ಕಾರು ನಿಲ್ಲಿಸಿದರೆ ಚಪ್ಪಲಿ ಬಿಡುವುದಕ್ಕೂ ಜಾಗ ಇರಲ್ಲ. ಹಾಗಾಗಿ ಕ್ಯಾರವಾನ್ ನಿಲ್ಲುವುದು ಪಕ್ಕದ ಖಾಲಿ ಸೈಟಿನಲ್ಲಿ. ಸೈಟಿನ ಯಜಮಾನರು ಬೆಂಗಳೂರಿನಲ್ಲಿದ್ದಾರೆ. ಮನೆ ಕಟ್ಟುವ ತನಕ ಇಟ್ಕೊಳ್ಳಿ ಎಂದಿದ್ದಾರೆ. ಆ ಸೈಟಿಗೆ ಕಾಂಪೌಂಡ್ ಇಲ್ಲ, ಬೀದಿದೀಪ ಇದ್ದೂ ಇಲ್ಲದ ಹಾಗೆ.

ಇಂಥ ಕಡೆ ನಿಲ್ಲಿಸಿದ ಕ್ಯಾರವಾನನ್ನು ಒಯ್ಯುವುದಕ್ಕೆ ಕೀಲಿ ಬೇಡ, ಎಂಜಿನ್ ಸ್ಟಾರ್ಟ್ ಮಾಡಬೇಕಿಲ್ಲ. 50 ಮಿ.ಮೀ. ಗುಂಡು ಇರುವ ಕೊಕ್ಕೆಯ ಕಾರೊಂದು ಬಂದರೆ ಸಾಕು, ಸಿಕ್ಕಿಸಿಕೊಂಡು ಹೋಗಬಹುದು. ಕ್ಯಾರವಾನಿನ ಕಡೆಯ ಕೊಕ್ಕೆಗೆ ಬೀಗ ಹಾಕಬಹುದಲ್ವಾ ಅಂತೀರಿ. ಅದನ್ನೂ ಹಾಕಿದ್ದೇನೆ. ಆದರೆ ಕೊಕ್ಕೆ ಸಿಗದಿದ್ದರೆ ಹಗ್ಗ ಕಟ್ಟಿ ಎಳೆಯಬಹುದು. ಚಕ್ರ ತಿರುಗುವ ತನಕ ಗಾಡಿ ಹೋಗುತ್ತದೆ. ಅದಕ್ಕೇ ಚಕ್ರಕ್ಕೆ ಲಾಕ್.

ನಮ್ಮ ಮಾವನವರ ಸಲಹೆ ಸರಳ. "ಒಂದು ಸರಪಳಿ, ಒಂದು ಬೀಗ, ಮುಗೀತಪ್ಪ. ಅದಕ್ಕೆ ಯಾಕೆ ನಾಲ್ಕೂವರೆ ಸಾವಿರ ಸುರೀತೀರಿ?" ಸರಪಳಿಯನ್ನು ರಿಮ್ಮಿನ ತೂತಿನಿಂದ ತೂರಿಸಿ ಕಮಾನು ಪಟ್ಟಿಗೆ ಸುತ್ತಿ ಬೀಗ ಹಾಕಿದರೆ ಚಕ್ರ ತಿರುಗಲ್ಲ, ನಿಜ. ಆದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಸರಪಳಿಯನ್ನು ಉದ್ದ ಹಿಡಿಯ ಬೋಲ್ಟ್ ಕಟರ್ ಒಂದೇ ಏಟಿಗೆ ಕತ್ತರಿಸುತ್ತದೆ. ಇನ್ನೊಂದು ವಿಷಯ, ಸರಪಳಿ ನಟ್ ಮುಚ್ಚುವುದಿಲ್ಲ. ಜಾಕ್ ಹಾಕಿ, ನಾಲ್ಕು ನಟ್ ಬಿಚ್ಚಿ, ಸರಪಳಿಗೆ ಸಿಕ್ಕ ಚಕ್ರವನ್ನು ಗಾಡಿಯ ಅಡಿಗೇ ಎತ್ತಿ ಕಟ್ಟಿ, ತಂದ ಸ್ಟೆಪ್ನಿ ಹಾಕಿಕೊಂಡು ಹೋಗಬಹುದು. ನಾನು ವೀಲ್ ಲಾಕ್ ಹುಡುಕುವಾಗ ಹಿಡಿದ ಹಟ ಇದೊಂದೇ: ನಟ್ ಮೇಲೆ ತಟ್ಟೆ ಇರಲೇಬೇಕು.

ಎರಡನೇದು ಕೀಲಿ. ಗುಂಡು ಕೊಳವೆ ಥರದ ಕೀಲಿ ಇರುವ ಲಾಕ್‌ಗಳು ಅಗ್ಗಕ್ಕೆ ಸಿಗುತ್ತವೆ. ನನಗೆ ಬೇಡವಾಗಿತ್ತು. 2004ರಲ್ಲಿ ಅಮೆರಿಕದಲ್ಲಿ ದುಬಾರಿ ಸೈಕಲ್ ಲಾಕ್‌ಗಳನ್ನು ಜನ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆ ಒತ್ತಿ ತೆರೆದು ತೋರಿಸಿದ್ದರು. ಕೊನೆಗೆ ಕಂಪನಿಯೇ ಲಾಕ್ ಬದಲಾಯಿಸಿ ಕೊಡಬೇಕಾಯಿತು. ಅವೂ ಇದೇ ಗುಂಡು ಕೀಲಿಯವು. ಹಾಗಾಗಿ ಮೈಮೇಲೆ ಗುಳಿ ಗುಳಿ ಇರುವ ಚಪ್ಪಟೆ ಕೀಲಿಯದ್ದೇ ತಗೊಂಡೆ.

ವಿದೇಶದ ಲಾಕ್ ಕೂಡ ನೋಡಿದೆ. ಕ್ಯಾರವಾನ್ ಜಾಸ್ತಿ ಇರುವ ಬ್ರಿಟನ್‌ನಲ್ಲಿ ಸೋಲ್ಡ್ ಸೆಕ್ಯೂರ್ ಅಂತ ಒಂದು ಸಂಸ್ಥೆ ಇದೆ, 1992ರಲ್ಲಿ ಶುರುವಾದದ್ದು. ಅವರು ಬೀಗಗಳನ್ನು ಒಡೆದು, ಕೊರೆದು ನೋಡಿ ಕಂಚು, ಬೆಳ್ಳಿ, ಚಿನ್ನ, ವಜ್ರ ಅಂತ ದರ್ಜೆ ಕೊಡುತ್ತಾರೆ. ಅಲ್ಲಿ ವಿಮೆ ಮಾಡಿಸುವಾಗ ಯಾವ ಲಾಕ್ ಹಾಕಿದ್ದೀರಿ ಅಂತಲೂ ಕೇಳುತ್ತಾರೆ. ಅಲ್ಲಿ ಹೆಸರಾದದ್ದು ಆಲ್ಕೋ ಲಾಕ್. ಅದು ಚಕ್ರದ ಸಂದಿಯಿಂದ ಒಳಗೆ ಹೋಗಿ ಆಕ್ಸಲ್ ಮೇಲೆ ಮೊದಲೇ ಕೂರಿಸಿದ ಗೂಡಿಗೆ ಬೋಲ್ಟ್ ಆಗುತ್ತದೆ. ಬೆಲೆ ಇನ್ನೂರು ಪೌಂಡ್ ದಾಟುತ್ತದೆ. ನಮ್ಮ ಆಕ್ಸಲ್‌ಗೆ ಅಂಥ ಗೂಡೇ ಇಲ್ಲ. ಅಲ್ಲಿಗೆ ಆ ಆಸೆ ಬಿಟ್ಟೆ.

ಕೊನೆಗೆ ಬಂದದ್ದು ಈ ಹಳದಿ ಲಾಕ್. ಟೈರನ್ನು ಒಳಗಿನಿಂದ ಒಂದು ತೋಳು, ಹೊರಗಿನಿಂದ ಒಂದು ತೋಳು ಅವಚಿ ಹಿಡಿಯುವ ಜಾತಿಯದು. ಹೊರಗಿನ ತೋಳಿಗೆ ನಟ್ ಮುಚ್ಚುವ ದುಂಡು ತಟ್ಟೆ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಇದೇ ಮಾಲು ಆನ್‌ಲೈನ್‌ನಲ್ಲಿ ಹತ್ತು ಹೆಸರಲ್ಲಿ ಸಿಗುತ್ತದೆ, ಸ್ಟಿಕ್ಕರ್ ಮಾತ್ರ ಬೇರೆ. ನಾನು ಕೊಟ್ಟದ್ದು 4,500 ರೂಪಾಯಿ.

ಹಾಕುವ ರೀತಿ ನನಗೆ ಇಷ್ಟ. ಮಂಡಿಯೂರಿ ಒಳತೋಳನ್ನು ಟೈರ್ ಹಿಂದೆ ಸರಿಸಬೇಕು. ಟೈರಿಗೂ ಕಮಾನು ಪಟ್ಟಿಗೂ ನಡುವೆ ನಾಲ್ಕು ಬೆರಳು ಸಂದಿ ಇದ್ದರೆ ಸಾಕು. ಆಮೇಲೆ ಹೊರತೋಳನ್ನು ಚೌಕ ಪೈಪಿನೊಳಗೆ ತೂರಿಸಿ ತಳ್ಳಬೇಕು. ಟಕ್ ಟಕ್ ಅಂತ ಒಂದೊಂದೇ ಹಲ್ಲು ದಾಟುತ್ತದೆ. ಟೈರ್ ಸ್ವಲ್ಪ ಹಿಚುಕಿದಂತಾದಾಗ ಇನ್ನೊಂದು ಟಕ್, ಆಮೇಲೆ ಕೀಲಿ. ಎರಡು ನಿಮಿಷದ ಕೆಲಸ. ನನ್ನದು ಬೀಜ ಗೊಬ್ಬರದ ಅಂಗಡಿ. ಪ್ರವಾಸ ಮುಗಿಸಿ ಬರುವಾಗ ಭಾನುವಾರ ರಾತ್ರಿ ಹತ್ತಾಗಿರುತ್ತದೆ, ಬೆಳಿಗ್ಗೆ ಅಂಗಡಿ ತೆಗೆಯಬೇಕು. ಆ ಹೊತ್ತಲ್ಲಿ ಸ್ಪ್ಯಾನರ್ ಹಿಡಿದು ಕೂರಿಸುವ ಲಾಕ್ ಆಗಿದ್ದರೆ ನಾಳೆ ಹಾಕಿದರಾಯ್ತು ಬಿಡು ಅನ್ನಿಸುತ್ತಿತ್ತು.

ಅಂಗಡಿಗೆ ಹೋಗುವ ಮುಂಚೆ ಒಂದು ಸಲ, ರಾತ್ರಿ ಊಟ ಆದ ಮೇಲೆ ಒಂದು ಸಲ ಟಾರ್ಚ್ ಹಿಡಿದು ಹೋಗಿ ತಟ್ಟೆಯನ್ನು ಕಾಲಲ್ಲಿ ಒದ್ದು ನೋಡುತ್ತೇನೆ. ಸುಮ್ನೆ. ಭಾನುವಾರ ಊರಲ್ಲೇ ಇದ್ದರೆ ಲಾಕ್ ಬಿಚ್ಚಿ ಕ್ಯಾರವಾನನ್ನು ಅರ್ಧ ಸುತ್ತು ಮುಂದಕ್ಕೆ ತಳ್ಳುತ್ತೇನೆ. ಟೈರ್ ಒಂದೇ ಕಡೆ ಭಾರ ಹೊತ್ತು ನಿಂತರೆ ಅಲ್ಲಿ ಚಪ್ಪಟೆಯಾಗುತ್ತದೆ. ಹ್ಯಾಂಡ್ ಬ್ರೇಕ್ ಹಾಕಿ ತಿಂಗಳುಗಟ್ಟಲೆ ಬಿಡುವುದಿಲ್ಲ, ಮಳೆಗಾಲದಲ್ಲಿ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಜಾಲಿ ಮರದ ತುಂಡು ಅಡ್ಡ ಕೊಡುತ್ತೇನೆ. ನನ್ನ ಹೆಂಡತಿ ಕಾರಿನ ಸ್ಟೇರಿಂಗಿಗೆ ಒಂದು ಕೆಂಪು ರಿಬ್ಬನ್ ಕಟ್ಟಿದ್ದಾಳೆ. ಲಾಕ್ ಬಿಚ್ಚಿದ ಮೇಲೆ ರಿಬ್ಬನ್ ಬಿಚ್ಚಬೇಕು. ಲಾಕ್ ಮರೆತು ಕಾರು ಎಳೆದರೆ ಮಡ್‌ಗಾರ್ಡ್ ಹರಿದುಕೊಂಡು ಬರುತ್ತದೆ. ಸ್ವಲ್ಪ ಜೋರಾಗಿ ಎಳೆದರೆ ಕ್ಯಾರವಾನಿನ ನೆಲವೂ ಹೋಗುತ್ತದೆ.

ಈಗ ಕೀಲಿ ತೂತಿಗೆ ಬರೋಣ.

ಬಿತ್ತನೆ ಕಾಲದಲ್ಲಿ ನನಗೆ ಉಸಿರಾಡಲೂ ಪುರುಸೊತ್ತಿಲ್ಲ. ಜೂನ್, ಜುಲೈ ಎಲ್ಲ ಅಂಗಡಿಯಲ್ಲೇ. ನಾವು ಹೊರಗೆ ಹೋಗುವುದೇ ಸುಗ್ಗಿ ಶುರುವಾದ ಮೇಲೆ, ಅಂದರೆ ಅಕ್ಟೋಬರ್‌ನಿಂದ. ಆ ಕಾಲಕ್ಕೆ ನಮ್ಮ ಜಿಲ್ಲೆಯಲ್ಲಿ ಎಲ್ಲಿ ನಾಲ್ಕಡಿ ಸಮತಟ್ಟು ನೆಲ ಇದ್ದರೂ ಅಲ್ಲಿ ಮೆಕ್ಕೆಜೋಳ ಹರಡಿರುತ್ತದೆ. ಪಕ್ಕದ ಸೈಟೂ ಅದಕ್ಕೆ ಹೊರತಲ್ಲ. ಒಂದು ಕಡೆ ಕ್ಯಾರವಾನ್, ಅದರ ಸುತ್ತ ಹಳದಿ ಕಾಳು. ಜೊತೆಗೆ ಯಾವನೋ ಒಬ್ಬ ಒಕ್ಕಣೆ ಮಷಿನ್ ತಂದು ಅಲ್ಲೇ ಹಚ್ಚಿದರೆ ಮುಗೀತು. ಕೆಂಪು ಹೊಟ್ಟು ಗಾಳಿಯಲ್ಲಿ ಎದ್ದು ಎಲ್ಲೆಲ್ಲಿ ಸಂದಿ ಇದೆಯೋ ಅಲ್ಲೆಲ್ಲ ಹೊಗುತ್ತದೆ. ಲಾಕ್ ಜೊತೆ ತೂತು ಮುಚ್ಚಲು ಒಂದು ರಬ್ಬರ್ ಟೋಪಿ ಕೊಟ್ಟಿದ್ದರು. ಅದು ಮೊದಲ ಬೇಸಿಗೆಗೇ ಬಿಸಿಲಿಗೆ ಒಣಗಿ ಉದುರಿಹೋಯಿತು. ಬೇರೆ ಟೋಪಿ ಕೇಳಿ ಮೇಲ್ ಹಾಕಿದೆ. ಉತ್ತರ ಬಂತು, ಟೋಪಿ ಬರಲಿಲ್ಲ.

ಒಂದು ದಿನ ಬೆಳಗಿನ ಐದೂವರೆಗೆ ಮಾರಿಕಣಿವೆಗೆ ಹೊರಟಿದ್ದೆವು. ವೇದಾವತಿಗೆ ಕಟ್ಟಿದ ಆ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 2022ರಲ್ಲೇ. ಆ ಸುದ್ದಿ ಕೇಳಿದ ಮೇಲೆ ನಮ್ಮ ಮನೆಯವರಿಗೆಲ್ಲ ಮಾರಿಕಣಿವೆ ಹುಚ್ಚು. ಬುತ್ತಿ ಕಟ್ಟಿ ಆಗಿದೆ, ಮಕ್ಕಳು ಕಾರಲ್ಲಿ ಕೂತಿದ್ದಾರೆ, ಮಾವನವರು ಮುಂದಿನ ಸೀಟಲ್ಲಿ ಬೆಲ್ಟ್ ಹಾಕಿಕೊಂಡಿದ್ದಾರೆ. ನಾನು ಕೀಲಿ ಹಾಕಿದರೆ ಅರ್ಧಕ್ಕೇ ನಿಂತಿತು. ಪಿನ್ ಹಾಕಿ ಕೆದಕಿದೆ. ಮಗನ ಸೈಕಲ್ ಪಂಪ್ ತಂದು ಗಾಳಿ ಹೊಡೆದೆ. ಮುಖದ ಮೇಲೆ ಹೊಟ್ಟು ಹಾರಿತು, ಕೀಲಿ ಇನ್ನೊಂದು ಕೂದಲೆಳೆ ಒಳಗೆ ಹೋಯಿತು, ಅಷ್ಟೇ. ಹೆಂಡತಿ ಕಾರಿಂದಲೇ ಕೂಗಿದಳು, "ಏನ್ರೀ, ಕಳ್ಳರಿಗೆ ಹಾಕಿದ್ದೋ ನಮಗೇ ಹಾಕಿದ್ದೋ?" ಅವತ್ತು ಸೂರ್ಯ ಮೇಲೆ ಬಂದ ಮೇಲೆಯೇ ನಾವು ಹೈವೇ ಹತ್ತಿದ್ದು.

ಹಳೇ ಬಸ್ ನಿಲ್ದಾಣದ ಕಡೆ ಬೀಗ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ಕೀಲಿ ತೋರಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಎಣ್ಣೆ ಹಾಕಿದ್ರಾ?" ಇಲ್ಲ ಅಂದೆ. "ಹಾಕ್ಲೇಬೇಡ್ರಿ. ಎಣ್ಣೆ ಧೂಳು ಕುಡೀತದೆ, ಒಳಗೆ ಗಾರೆ ಆಗ್ತದೆ. ಪೆನ್ಸಿಲ್ ಪುಡಿ ಹಾಕ್ರಿ." ಪೆನ್ಸಿಲಿನೊಳಗೆ ಇರುವುದು ಗ್ರಾಫೈಟ್. ಅದು ಒಣಗಿದ್ದರೂ ಜಾರುತ್ತದೆ, ಧೂಳನ್ನು ಹಿಡಿದು ಇಟ್ಟುಕೊಳ್ಳುವುದಿಲ್ಲ. ಈಗ ಮಗನ ಪೆನ್ಸಿಲನ್ನು ಮರಳು ಕಾಗದಕ್ಕೆ ಉಜ್ಜಿ, ಪುಡಿಯನ್ನು ಕೀಲಿಗೆ ಸವರಿ, ನಾಲ್ಕು ಸಲ ಒಳಗೆ ಹೊರಗೆ ಆಡಿಸುತ್ತೇನೆ. ಬೆರಳು ಕಪ್ಪಾಗುತ್ತದೆ, ಕೀಲಿ ಸರಾಗ ತಿರುಗುತ್ತದೆ.

ಆದರೂ ತೂತು ಮೇಲೇ ಇತ್ತಲ್ಲ. ಅದಕ್ಕೆ ದಾರಿ ತೋರಿಸಿದ್ದು ಪಂಕ್ಚರ್ ಅಂಗಡಿ ಹುಡುಗ. ಗಾಳಿ ಹಾಕಲು ಬಂದವನು ಲಾಕ್ ನೋಡಿ, "ಅಂಕಲ್, ಇದನ್ನ ಚಕ್ರದ ಹಿಂದಿಂದ ಹಾಕ್ರಿ, ತೂತು ಕೆಳಗೆ ಹೋಗ್ತದೆ" ಅಂದ. ಪೆಟ್ಟಿಗೆಯೊಳಗಿನ ಚಿತ್ರದಲ್ಲಿ ಚಕ್ರದ ಮುಂದಿನಿಂದ ಹಾಕುವುದನ್ನಷ್ಟೇ ತೋರಿಸಿದ್ದಾರೆ. ಹಿಂದಿನಿಂದ ಹಾಕಿದರೆ ತಟ್ಟೆ ಹೊರಗೇ ಇರುತ್ತದೆ, ಇಡೀ ಲಾಕ್ ಮಾತ್ರ ತಲೆಕೆಳಗಾಗುತ್ತದೆ. ಕೀಲಿ ತೂತು ನೆಲ ನೋಡುತ್ತದೆ. ಮಡ್ ಫ್ಲ್ಯಾಪ್ ಒಂದನ್ನು ಎತ್ತಿ ಹಿಡಿಯಬೇಕು, ಕೀಲಿಯನ್ನು ಕಾಣದೆ ತಡಕಾಡಿ ಹಾಕಬೇಕು. ಸೊಂಟ ನೋವು ಇರುವವರಿಗೆ ಕಷ್ಟ. ಮಳೆಗಾಲದಲ್ಲಿ ಮೊಣಕೈಗೆ ಕೆಸರು ಖಂಡಿತ. ಆದರೆ ಮಳೆ ನೀರು ನಿಲ್ಲಲ್ಲ, ಹೊಟ್ಟು ಕೂರಲ್ಲ. ಕಳೆದ ಸುಗ್ಗಿ ಪೂರ್ತಿ ಒಂದೇ ಒಂದು ದಿನ ಕೀಲಿ ಸಿಕ್ಕಿಹಾಕಿಕೊಳ್ಳಲಿಲ್ಲ. ಲಾಕ್ ಮೇಲಿದ್ದ ಅರ್ಧ ಸಿಟ್ಟು ಅವತ್ತಿಗೆ ಇಳಿಯಿತು. ಉಳಿದರ್ಧ ಆ ಚಿತ್ರ ಬರೆದವನ ಮೇಲೆ ಹಾಗೇ ಇದೆ.

ಸಿಟ್ಟು ಇಳಿಯಲು ಇನ್ನೊಂದು ಕಾರಣ ಅದರ ಬಣ್ಣ. ನಾನು ಬಣ್ಣ ನೋಡಿ ತಗೊಂಡದ್ದಲ್ಲ, ಬೇರೆ ಬಣ್ಣ ಇರಲೇ ಇಲ್ಲ. ಲಾಕ್ ಹಾಕಿದ ಮಾರನೇ ದಿನ ಎದುರು ಮನೆಯ ಅಜ್ಜ ಮೆಲ್ಲಗೆ ಪಕ್ಕಕ್ಕೆ ಕರೆದು, "ಯಾಕಪ್ಪಾ, ಫೈನಾನ್ಸ್‌ನವ್ರು ಬಂದಿದ್ರಾ? ಎಷ್ಟು ಕಂತು ಬಾಕಿ?" ಅಂತ ಕೇಳಿದರು. ಅಷ್ಟರಲ್ಲಿ ಬೀದಿಯ ಕೊನೆ ಮನೆಯ ಆಂಟಿ ಬೇರೆಯೇ ಸುದ್ದಿ ಹಬ್ಬಿಸಿದ್ದರು. ನಾವು ಬೆಣ್ಣೆ ದೋಸೆ ಗಾಡಿ ಇಡಲು ಹೊರಟಿದ್ದೇವಂತೆ, ಪರ್ಮಿಷನ್ ಸಿಗದೆ ಅದಕ್ಕೆ ಲಾಕ್ ಬಿದ್ದಿದೆಯಂತೆ. ನಾನು ಯಾರಿಗೂ ತಿದ್ದಿ ಹೇಳಲಿಲ್ಲ. ಸಾಲದ ಗಾಡಿ, ಕೇಸಿನ ಗಾಡಿ ಅಂದರೆ ಜನ ಹತ್ತಿರ ಬರುವುದಿಲ್ಲ. ಮೊದಲು ಸಂಜೆ ಹೊತ್ತು ಹುಡುಗರು ಕ್ಯಾರವಾನಿನ ಮುಂದಿನ ಕಂಬಿ ಮೇಲೆ ಕೂತು ಮಿರ್ಚಿ ಮಂಡಕ್ಕಿ ತಿಂದು ಪೇಪರ್ ಅಲ್ಲೇ ಬಿಸಾಕುತ್ತಿದ್ದರು. ಈಗ ಅವರೂ ಜಾಗ ಬದಲಾಯಿಸಿದ್ದಾರೆ.

ಚಿತ್ರದುರ್ಗದಲ್ಲಿ ಇದರಿಂದ ನಿಜವಾದ ಉಪಯೋಗ ಆಯಿತು. ಕ್ಯಾರವಾನನ್ನು ಲಾಡ್ಜಿನ ಅಂಗಳದಲ್ಲಿ ಬಿಟ್ಟು, ಕಾರು ಬಿಡಿಸಿಕೊಂಡು ಚಂದ್ರವಳ್ಳಿಗೆ, ಜೋಗಿಮಟ್ಟಿಗೆ ಆರಾಮಾಗಿ ಹೋಗಿ ಬಂದೆವು. ಕೋಟೆ ಹತ್ತುವಾಗ ಒಂದು ಸಲವೂ ಕೆಳಗಿನ ಗಾಡಿಯ ಯೋಚನೆ ಬರಲಿಲ್ಲ. ಆದರೆ ಅಲ್ಲಿನ ಬಂಡೆ ಬಿಸಿಲಿಗೆ ಲಾಕ್ ಎಷ್ಟು ಕಾದಿತ್ತು ಅಂದರೆ, ಮಧ್ಯಾಹ್ನ ಬರಿಗೈಲಿ ಮುಟ್ಟಿ ಕೈ ಹಿಂದೆಗೆದೆ. ಈಗ ಅದರ ಜೊತೆ ಒಂದು ಹಳೇ ಟವೆಲ್ ಇಡುತ್ತೇನೆ. ತೋಳಿನ ಮೇಲಿನ ರಬ್ಬರ್ ಹಾವಿನ ಪೊರೆಯ ಹಾಗೆ ಬಿಡುತ್ತಿದೆ. ಅಲ್ಲಿ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ್ದೇನೆ. ಬಣ್ಣ ಎದ್ದ ಕಡೆ ತುಕ್ಕು ಕಾಣುತ್ತಿದೆ, ಅದು ಮೇಲ್ಮೇಲಿನದು.

ಕಳ್ಳರು ಕಬ್ಬಿಣ ಕತ್ತರಿಸುವ ಗ್ರೈಂಡರ್ ತಂದರೆ? ತಂದರೆ ಹೋಯಿತು. ಬ್ಯಾಟರಿ ಗ್ರೈಂಡರ್ ಈಗ ಸಣ್ಣ ವೆಲ್ಡಿಂಗ್ ಶಾಪಿನಲ್ಲೂ ಇರುತ್ತದೆ. ಅದರ ಮುಂದೆ ನಾಲ್ಕೂವರೆ ಸಾವಿರದ್ದು ಹೆಚ್ಚು ಹೊತ್ತು ನಿಲ್ಲಲ್ಲ. ಸದ್ದು ಮಾತ್ರ ಬೀದಿಯೆಲ್ಲ ಎದ್ದು ಕೂರುವಷ್ಟು ಬರುತ್ತದೆ, ಕಿಡಿಯೂ ಹಾರುತ್ತದೆ. ನಮ್ಮ ಎದುರು ಮನೆ ಅಜ್ಜನಿಗೆ ಮೊದಲೇ ನಿದ್ದೆ ಕಡಿಮೆ. ಲಕ್ಷಗಟ್ಟಲೆ ಬೆಲೆಯ ದೊಡ್ಡ ಕ್ಯಾರವಾನ್ ಇದ್ದವರು, ಯಾರೂ ಇಲ್ಲದ ತೋಟದಲ್ಲಿ ನಿಲ್ಲಿಸುವವರು ಇದನ್ನು ನಂಬಿ ಕೂರಬೇಡಿ. ಆಕ್ಸಲ್‌ಗೇ ಕೂರುವಂಥದ್ದು ನೋಡಿ, ಜೊತೆಗೆ ಜಿಪಿಎಸ್ ಹಾಕಿಸಿ. ಅಕ್ಕಪಕ್ಕ ಮನೆ ಇರುವ ಬಡಾವಣೆಗೆ ಇದು ಸಾಕು. ಇದೇ ಲಾಕ್ ಹಾಳಾದರೆ ನಾನು ಮತ್ತೆ ಇದನ್ನೇ ತರಿಸುತ್ತೇನೆ, ಬೈಕೊಂಡೇ.

ತರಿಸುವವರು ಒಂದು ನೋಡಿಕೊಳ್ಳಿ. ಟೈರ್ ಮೇಲಿನ ಮೊದಲ ಅಂಕಿಯೇ ಅದರ ಅಗಲ, ಮಿ.ಮೀ. ಲೆಕ್ಕದಲ್ಲಿ. ನಮ್ಮ 165ಕ್ಕೆ ಸರಿಯಾಗಿ ಕೂರುತ್ತದೆ. ಪರಿಚಯದವರೊಬ್ಬರ 195ರ ಟೈರಿಗೆ ಹಾಕಿ ನೋಡಿದೆವು, ತೋಳಿನ ಬಾಯಿ ಸಾಲಲಿಲ್ಲ. ಬರುವ ಎರಡು ಕೀಲಿಗಳಲ್ಲಿ ಒಂದನ್ನು ಮನೆಯಲ್ಲೇ ಇಡಿ. ನಮ್ಮೂರಲ್ಲಿ ಇದಕ್ಕೆ ಡುಪ್ಲಿಕೇಟ್ ಮಾಡಿಕೊಡುವವರು ನನಗಂತೂ ಇನ್ನೂ ಸಿಕ್ಕಿಲ್ಲ.