ಮಲ್ಲೇಶ್ವರದಿಂದ ಸಾಗರಕ್ಕೆ ಮನೆ ಸಾಮಾನು: ಮೇಸ್ತ್ರಿಗೆ ಐದು ಸ್ಟಾರ್, ಕಚೇರಿಗೆ ಒಂದೂವರೆ

ಮನೆ ಸಾಮಾನು ಸಾಗಿಸುವ ಸಂಸ್ಥೆಗಳ ಬಗ್ಗೆ ಸಿಗುವ ವಿಮರ್ಶೆಗಳು ಎರಡೇ ಬಗೆಯವು. ಒಂದೋ ‘ಅತ್ಯುತ್ತಮ ಸೇವೆ, ಧನ್ಯವಾದಗಳು’ ಎಂಬ ಒಂದು ಸಾಲು, ಇಲ್ಲವೇ ಹಿಡಿಶಾಪ. ಸಾಮಾನು ಕಟ್ಟಿಸಲು ಹೊರಟವರಿಗೆ ಎರಡರಿಂದಲೂ ಪ್ರಯೋಜನವಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ. ಈ ವ್ಯವಹಾರದಲ್ಲಿ ಒಂದೇ ಬಗೆಯ ಹೆಸರಿನ ಹತ್ತಾರು ಬೋರ್ಡುಗಳಿವೆ, ನಾನು ಹೇಳಿದ್ದು ಯಾರದೋ ತಲೆಗೆ ಹೋಗಿ ಕೂರುವುದು ಬೇಡ.

ನಾನಿದ್ದದ್ದು ಮಲ್ಲೇಶ್ವರದ ಹಳೆಯ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಮೊಸಾಯಿಕ್ ನೆಲ, ಅಡುಗೆಮನೆಯ ಕಿಟಕಿಗೆ ಒತ್ತಿಕೊಂಡಂತೆ ಒಂದು ಹೊಂಗೆ ಮರ. ಸಂಪಿಗೆ ರಸ್ತೆಗೆ ನಡೆದು ಹೋಗಿ ಸೊಪ್ಪು ತರಬಹುದಿತ್ತು, ಭಾನುವಾರ ಬೆಳಿಗ್ಗೆ ಸ್ಯಾಂಕಿ ಕೆರೆ ಸುತ್ತಿ ವೀಣಾ ಸ್ಟೋರ್ಸ್‌ನ ಇಡ್ಲಿಗೆ ನಿಲ್ಲಬಹುದಿತ್ತು. ಬಿಟ್ಟು ಬರಲು ಮನಸ್ಸಿರಲಿಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಆದರೆ ಸಾಗರದ ಮನೆಯಲ್ಲಿ ಅಪ್ಪಯ್ಯನಿಗೆ ಕಣ್ಣಿನ ಪೊರೆ, ಅಮ್ಮನಿಗೆ ಮಂಡಿನೋವು. ನನ್ನ ಕೆಲಸ ಜಿಎಸ್‌ಟಿ ಲೆಕ್ಕ ನೋಡುವುದು, ಅದನ್ನು ಇಂಟರ್ನೆಟ್ ಇರುವ ಕಡೆ ಎಲ್ಲಿ ಕೂತಾದರೂ ಮಾಡಬಹುದು. ಕಾಡುಮಲ್ಲೇಶ್ವರದ ಕಡಲೆಕಾಯಿ ಪರಿಷೆ ಮುಗಿಯುತ್ತಿದ್ದಂತೆ ಹೊರಡುವುದೆಂದು ತೀರ್ಮಾನವಾಯಿತು.

ಮೊದಲು ಬಂದವರು ಸಾಮಾನು ನೋಡಿ ದರ ಹೇಳುವ ಯುವಕ. ಕೈಯಲ್ಲಿ ಮೊಬೈಲು, ಅದರಲ್ಲೊಂದು ಪಟ್ಟಿ: ಸೋಫಾ, ಮಂಚ, ಊಟದ ಮೇಜು, ಫ್ರಿಜ್, ಟಿವಿ. ಕೋಣೆಯಿಂದ ಕೋಣೆಗೆ ಹೋಗುತ್ತ ಬೆರಳಾಡಿಸಿದರು. ಸೋಫಾ, ಮಂಚ, ಫ್ರಿಜ್ ಎಲ್ಲವನ್ನೂ ಕೆಳಮನೆಯವರಿಗೆ ಮಾರಿದ್ದೇನೆ, ಅವು ಬರುವುದಿಲ್ಲ ಎಂದೆ. ಅವರಿಗೆ ಅದು ಒಗ್ಗಲಿಲ್ಲ. "ಮೇಡಂ, ಒಂದು ಮನೆ ಎಂದರೆ ಒಂದು ಲಾರಿ. ಪೂರ್ತಿ ಲಾರಿಯನ್ನೇ ತೆಗೆದುಕೊಂಡುಬಿಡಿ, ಅಲ್ಲಿ ಹೋದ ಮೇಲೆ ಹೊಸದು ಕೊಳ್ಳುವುದು ತಪ್ಪುತ್ತದೆ."

ಅಲ್ಲಿ ಹೋದ ಮೇಲೆ ಏನನ್ನು ಕೊಳ್ಳಬೇಕು? ಸಾಗರದ ನಮ್ಮ ಮನೆಯಲ್ಲಿ ಮಂಚಗಳಿವೆ, ಫ್ರಿಜ್ ಇದೆ, ಎರಡು ಮಿಕ್ಸಿಗಳಿವೆ, ಅಜ್ಜಿಯ ಕಾಲದ ಪಾತ್ರೆಗಳು ಅಟ್ಟದ ಮೇಲಿವೆ. ಈ ಸೇವೆಯ ಬಗ್ಗೆ ನನ್ನ ಮುಖ್ಯ ತಕರಾರು ಇಲ್ಲಿಯೇ ಇದೆ. ಪಟ್ಟಿಯಿಂದ ಹಿಡಿದು ದರದವರೆಗೆ ಎಲ್ಲವೂ ಖಾಲಿ ಮನೆಯಿಂದ ಖಾಲಿ ಮನೆಗೆ ಹೋಗುವವರಿಗಾಗಿ ಸಿದ್ಧವಾದದ್ದು. ಹೆತ್ತವರ ಮನೆಗೆ ಮರಳುವವರು ಹೋಗುವುದು ತುಂಬಿದ ಮನೆಗೆ. ಆ ಕಡೆ ಜಾಗ ಎಷ್ಟಿದೆ, ಏನು ಎಲ್ಲಿಗೆ ಹೋಗುತ್ತದೆ, ಲಾರಿ ಬಾಗಿಲವರೆಗೆ ಬರುತ್ತದೆಯೇ ಎಂಬ ಪ್ರಶ್ನೆಗಳಿಗೆ ಆ ಮೊಬೈಲಿನಲ್ಲಿ ಜಾಗವೇ ಇರಲಿಲ್ಲ. ಇಲ್ಲಿ ಲಿಫ್ಟ್ ಇದೆಯೇ ಎಂದು ಕೇಳಿದ್ದರು, ಇಲ್ಲವೆಂದು ಮಹಡಿಗಿಷ್ಟು ಎಂದು ಸೇರಿಸಿದ್ದರು. ಅಲ್ಲಿಯದು ಕೇಳಲಿಲ್ಲ.

ಪೂರ್ತಿ ಲಾರಿಗೆ 36,000 ರೂಪಾಯಿ ಹೇಳಿದರು. ಬೇರೆಯವರ ಸಾಮಾನಿನ ಜೊತೆಗೆ ಹೋಗುವ ಪಾರ್ಟ್ ಲೋಡ್‌ಗೆ, ಎಳೆದಾಡಿದ ಮೇಲೆ, 19,500. ಅದರ ಮೇಲೆ 18% ಜಿಎಸ್‌ಟಿ. ಇವಲ್ಲದೆ ದರಪಟ್ಟಿಯ ಕೊನೆಯಲ್ಲಿ ‘ಇ-ವೇ ಬಿಲ್ ಶುಲ್ಕ 500’ ಎಂದಿತ್ತು. ಇ-ವೇ ಬಿಲ್ ಎಂದರೆ ಸರಕು ಸಾಗಿಸುವಾಗ ಜೊತೆಗಿರಬೇಕಾದ ಜಿಎಸ್‌ಟಿ ದಾಖಲೆ. ಬಳಸಿದ ಮನೆ ಸಾಮಾನಿಗೆ ಅದು ಬೇಕಿಲ್ಲ, ನಿಯಮದಲ್ಲಿಯೇ ವಿನಾಯಿತಿ ಇದೆ. ನನ್ನ ಬಳಿಯೇ ಬಂದು ಇದನ್ನು ಬರೆದರಲ್ಲ! ಹೇಳಿದ ತಕ್ಷಣ ಚಕಾರವೆತ್ತದೆ ಹೊಡೆದುಹಾಕಿದರು. ಹೇಳದವರಿಂದ ವಸೂಲಾಗುತ್ತಲೇ ಇರುತ್ತದೆ ಎಂದಾಯಿತು.

ವಿಮೆಯದು ಇನ್ನೊಂದು ಕಥೆ. ಸಾಮಾನಿನ ಬೆಲೆ 80,000 ಎಂದು ಬರೆದರೆ ಅದರ 3% ಕಟ್ಟಬೇಕಂತೆ. ಯಾವ ವಿಮಾ ಕಂಪನಿ, ಪ್ರಮಾಣಪತ್ರ ಕೊಡುತ್ತೀರಾ ಎಂದು ಕೇಳಿದೆ. ಕಚೇರಿಯ ಮಹಿಳೆ, "ನಮ್ಮದೇ ಜವಾಬ್ದಾರಿ ಮೇಡಂ, ನಾವೇ ನೋಡಿಕೊಳ್ಳುತ್ತೇವೆ" ಎಂದರು. ಸಂಸ್ಥೆ ತಾನೇ ಕೊಟ್ಟುಕೊಳ್ಳುವ ಮಾತಿಗೆ ವಿಮೆ ಎಂದು ಹೆಸರಿಟ್ಟು ದುಡ್ಡು ಕೇಳುತ್ತಿದ್ದಾರೆ, ಅಷ್ಟೆ. ವಿಮಾ ಕಂಪನಿಯ ಕಾಗದ ಕೈಗೆ ಬರುವುದಾದರೆ ಕಟ್ಟಿ, ಇಲ್ಲದಿದ್ದರೆ ಆ ದುಡ್ಡನ್ನು ಉಳಿಸಿಕೊಳ್ಳಿ. ನಾನು ಕಟ್ಟಲಿಲ್ಲ. ಆದರೆ ಸಾಮಾನುಗಳ ಪಟ್ಟಿ ಇರುವ ರಸೀದಿಯನ್ನು ಸಹಿ ಹಾಕಿಸಿ ಪಡೆದುಕೊಂಡೆ.

ಕಟ್ಟುವ ದಿನ ಬಂದವರನ್ನು ನೋಡಿದಾಗ ಇವರೂ ಅದೇ ಸಂಸ್ಥೆಯವರೇ ಎಂದು ಅನುಮಾನವಾಯಿತು. ಯಾದಗಿರಿ ಕಡೆಯ ಮೇಸ್ತ್ರಿ, ಜೊತೆಗೆ ಮೂವರು ಹುಡುಗರು. ಮೇಸ್ತ್ರಿ ಟೇಪು ಕೈಗೆತ್ತಿಕೊಳ್ಳುವ ಮೊದಲು ಇಡೀ ಮನೆಯನ್ನು ಒಮ್ಮೆ ಸುಮ್ಮನೆ ಸುತ್ತಿದರು. ಆಮೇಲೆ ಕೇಳಿದ್ದು ಹೀಗೆ: "ಅಕ್ಕಾ, ಅಲ್ಲಿ ಮೊದಲು ಬಿಚ್ಚುವುದು ಯಾವುದು? ಬಿಚ್ಚದೇ ಇಡುವುದು ಯಾವುದು?"

ಈ ಪ್ರಶ್ನೆಗೆ ನಾನು ದುಡ್ಡು ಕೊಡಲು ಸಿದ್ಧಳಿದ್ದೆ. ಬಿಚ್ಚದೇ ಅಟ್ಟಕ್ಕೆ ಹೋಗುವ ಪೆಟ್ಟಿಗೆಗಳಿಗೆಲ್ಲ ಕೆಂಪು ಟೇಪು, ಬಿಚ್ಚುವುದಕ್ಕೆ ಕಂದು ಟೇಪು. ಪುಸ್ತಕಗಳಿಗೆ ಸಣ್ಣ ಪೆಟ್ಟಿಗೆಗಳನ್ನೇ ತೆಗೆದರು. ದೊಡ್ಡದರಲ್ಲಿ ತುಂಬಿದರೆ ಎತ್ತುವಾಗ ತಳ ಬಿಟ್ಟುಕೊಳ್ಳುತ್ತದೆ. ಊರು ಮಲೆನಾಡು ಎಂದು ತಿಳಿದ ಮೇಲೆ ಪ್ರತಿ ಪುಸ್ತಕದ ಪೆಟ್ಟಿಗೆಯೊಳಗೂ ಪ್ಲಾಸ್ಟಿಕ್ ಹಾಸಿದರು. "ಬೂಷ್ಟು ಹಿಡಿಯುತ್ತದೆ ಅಕ್ಕಾ. ಆದರೆ ಬಿಸಿಲಿಗೊಮ್ಮೆ ತೆಗೆದು ಒಣಗಿಸಿ, ಇಲ್ಲದಿದ್ದರೆ ಒಳಗೇ ಬೆವರುತ್ತದೆ."

ಎಲ್ಲಕ್ಕಿಂತ ಮೆಚ್ಚಿದ್ದು ವಾಷಿಂಗ್ ಮಷಿನ್ ವಿಷಯದಲ್ಲಿ. ಅಮ್ಮನ ಮಂಡಿಗಾಗಿಯೇ ಉಳಿಸಿಕೊಂಡ ಒಂದೇ ದೊಡ್ಡ ಯಂತ್ರ ಅದು, ಮುಂದಿನಿಂದ ಬಟ್ಟೆ ಹಾಕುವಂಥದ್ದು. ಇಂಥ ಯಂತ್ರದ ಹಿಂಭಾಗದಲ್ಲಿ, ಕಾರ್ಖಾನೆಯಿಂದ ಬರುವಾಗ ಉದ್ದನೆಯ ಬೋಲ್ಟುಗಳಿರುತ್ತವೆ. ಒಳಗಿನ ಡ್ರಮ್ ದಾರಿಯಲ್ಲಿ ಕುಲುಕದಂತೆ ಹಿಡಿದಿಡುವುದು ಅವುಗಳ ಕೆಲಸ. ಜೋಡಿಸುವವರು ತೆಗೆದು ನಮ್ಮ ಕೈಗೆ ಕೊಟ್ಟು ಹೋಗುತ್ತಾರೆ, ಹೆಚ್ಚಿನವರು ಕಳೆದುಹಾಕುತ್ತಾರೆ. ಮೇಸ್ತ್ರಿ ಯಂತ್ರವನ್ನು ಮುಟ್ಟುವ ಮೊದಲೇ "ಬೋಲ್ಟು ಇಟ್ಟುಕೊಂಡಿದ್ದೀರಾ?" ಎಂದರು. ಮೊಳೆಗಳ ಡಬ್ಬಿಯಲ್ಲಿದ್ದವನ್ನು ತಂದುಕೊಟ್ಟಾಗ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ತಾವೇ ಬಿಗಿದು, ಕೊಳವೆಯಲ್ಲಿ ಉಳಿದ ನೀರನ್ನು ಬಕೆಟ್ಟಿಗೆ ಬಸಿದು, ಹಳೆಯ ಹೊದಿಕೆ ಸುತ್ತಿ, ಪಟ್ಟಿ ಹಾಕಿ ಇಳಿಸಿದರು. ಆ ಮೆಟ್ಟಿಲಿನ ತಿರುವಿನಲ್ಲಿ ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕು. ಗೋಡೆಗೆ ಒಂದು ಗೀರು ಬೀಳಲಿಲ್ಲ. (ಬಣ್ಣಕ್ಕೆಂದು ಮುಂಗಡದಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮಾಲೀಕರು ಹೇಗಿದ್ದರೂ ಹಿಡಿದುಕೊಂಡರು, ಅದು ಬೇರೆ.)

ಗಿಡಗಳನ್ನು ಇವರು ಒಯ್ಯುವುದಿಲ್ಲ, ಎಣ್ಣೆ ಉಪ್ಪಿನಕಾಯಿಗಳನ್ನೂ ಒಯ್ಯುವುದಿಲ್ಲ, ಗ್ಯಾಸ್ ಸಿಲಿಂಡರನ್ನಂತೂ ಇಲ್ಲವೇ ಇಲ್ಲ. ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಏಜೆನ್ಸಿಗೆ ಒಪ್ಪಿಸಿ ಠೇವಣಿ ವಾಪಸು ಪಡೆಯುವ ಕೆಲಸವನ್ನು ಮೊದಲೇ ಮುಗಿಸಿಕೊಳ್ಳಿ. ನನ್ನ ಮಲ್ಲಿಗೆ ಕುಂಡಗಳು ಮೇಲಿನ ಮನೆಯ ಮಾಮಿಯ ಪಾಲಾದವು.

ಸಾಮಾನು ಗೋದಾಮಿಗೆ ಹೋದ ಮೇಲೆ ಮತ್ತೆ ಕಚೇರಿಯ ಆಡಳಿತ ಶುರುವಾಯಿತು. ಪಾರ್ಟ್ ಲೋಡ್ ಎಂದರೆ ಅದೇ ದಾರಿಯ ಇತರರ ಸಾಮಾನು ಸೇರುವವರೆಗೆ ಕಾಯುವುದು; ಅದಕ್ಕೆ ಒಪ್ಪಿಯೇ ದುಡ್ಡು ಉಳಿಸಿದ್ದೆ. ಆದರೆ ಹೇಳಿದ ಗಡುವು ಮೀರಿದ ಮೇಲೆ ಫೋನ್ ಮಾಡಿದರೆ "ಲಾರಿ ಶಿವಮೊಗ್ಗ ದಾಟಿದೆ ಮೇಡಂ" ಎಂಬ ಉತ್ತರ. ಚಾಲಕರ ನಂಬರು ಮೇಸ್ತ್ರಿಯಿಂದ ಸಿಕ್ಕಿತ್ತು. ಅವರಿಗೆ ಹಚ್ಚಿದರೆ, ಅವರು ಅರಸೀಕೆರೆಯಲ್ಲಿ ಊಟಕ್ಕೆ ಕೂತಿದ್ದರು! ಅರಸೀಕೆರೆಯಿಂದ ಕಡೂರು, ತರೀಕೆರೆ, ಭದ್ರಾವತಿ ದಾಟಿದರೆ ಶಿವಮೊಗ್ಗ. ಅಲ್ಲಿಂದ ಸಾಗರಕ್ಕೆ ಮತ್ತೆ ಎಪ್ಪತ್ತು ಕಿಲೋಮೀಟರ್. ತಡವಾದದ್ದಕ್ಕೆ ಬೇಸರವಿಲ್ಲ, ಬಾಯಿಗೆ ಬಂದದ್ದನ್ನು ಹೇಳುವ ಅಭ್ಯಾಸಕ್ಕೆ ಬೇಸರ.

ಲಾರಿ ಬಂದಾಗ ಮನೆಯಲ್ಲಿ ಅಡಿಕೆ ಕೊಯ್ಲು. ಅಂಗಳದ ಒಂದು ಕಡೆ ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿದೆ, ಜಗಲಿಯ ತುಂಬ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುವವರು ಕೂತಿದ್ದಾರೆ. ಲಾರಿಯಾದರೋ ಡಾಂಬರು ರಸ್ತೆಯ ಮೇಲೆಯೇ ನಿಂತಿತು. ನಮ್ಮ ಮನೆಗೆ ತಿರುಗುವಲ್ಲಿರುವ ಮೋರಿ ಅದರ ಭಾರ ತಡೆಯುವಂಥದ್ದಲ್ಲ. ಕೊನೆಗೆ ಪಕ್ಕದ ಮನೆಯವರ ಪಿಕಪ್ ಕರೆಸಿ, ಲಾರಿಯವರಿಗೆ ಹೆಚ್ಚುವರಿ ಹತ್ತಿಳಿಸುವ ಕೂಲಿಯೂ ಸೇರಿ 1,800 ರೂಪಾಯಿ ಕೈಬಿಟ್ಟಿತು. ಒಪ್ಪಂದದ ಸಣ್ಣ ಅಕ್ಷರಗಳಲ್ಲಿ ‘ವಾಹನ ತಲುಪದ ಸ್ಥಳಕ್ಕೆ ಗ್ರಾಹಕರೇ ವ್ಯವಸ್ಥೆ ಮಾಡಿಕೊಳ್ಳಬೇಕು’ ಎಂದಿದೆ ಎಂದು ಕಚೇರಿ ನೆನಪಿಸಿತು. ಇದೆ, ಸರಿ. ಮೊದಲು ಬಂದವರು ಒಂದು ಮಾತು ಕೇಳಿದ್ದರೆ ಸಣ್ಣ ಗಾಡಿಯನ್ನೇ ಮಾತಾಡಬಹುದಿತ್ತು. ಮಲೆನಾಡಿನ ತೋಟದ ಮನೆಗೆ ಹೋಗುವವರು ದಾರಿಯ ಫೋಟೊ ತೆಗೆಸಿ ಮೊದಲೇ ಕಳುಹಿಸುವುದು ಒಳ್ಳೆಯದು.

ಇಳಿಸಲು ಬಂದವರು ಬೇರೆ ತಂಡ, ಕನ್ನಡ ಓದಲು ಬಾರದವರು. ಪೆಟ್ಟಿಗೆಗಳ ಮೇಲೆ ಮೇಸ್ತ್ರಿ ಬರೆದದ್ದು ಅವರಿಗೆ ತಿಳಿಯಲಿಲ್ಲ. ಕೆಂಪು ಟೇಪು ಮಾತ್ರ ತಿಳಿಯಿತು. ಕೆಂಪಿನವು ನೇರ ಅಟ್ಟಕ್ಕೆ ಹೋದವು, ಸುಲಿಯುವವರು ಕೂತಲ್ಲಿಂದ ಏಳಬೇಕಾಗಲಿಲ್ಲ. ಅಮ್ಮ ಕಂದು ಪೆಟ್ಟಿಗೆಯೊಂದನ್ನು ತಟ್ಟಿ ನೋಡಿ, "ಇದರಲ್ಲಿ ನಮ್ಮ ಮನೆಯಲ್ಲಿ ಇಲ್ಲದ್ದು ಏನಿದೆ ಕೂಸೇ?" ಎಂದಳು. ಅದರಲ್ಲಿದ್ದದ್ದು ಮಿಕ್ಸಿ, ಮೂರನೆಯದು. ಅದನ್ನು ಮಾತ್ರ ಕೊಡಲು ಮನಸ್ಸಾಗಿರಲಿಲ್ಲ.

ಪುಸ್ತಕದ ಕಪಾಟಿನ ಒಂದು ಗಾಜು ಒಡೆದಿತ್ತು. ಚಾಲಕರು ಕಾಗದಕ್ಕೆ ಸಹಿ ಕೇಳಿದಾಗ ‘ಒಂದು ಗಾಜು ಒಡೆದಿದೆ’ ಎಂದು ಬರೆದೇ ಸಹಿ ಹಾಕಿದೆ, ಲಾರಿಯ ನಂಬರ್ ಕಾಣುವಂತೆ ಫೋಟೊವನ್ನೂ ತೆಗೆದೆ. ಅವರು ಮುಖ ಸಿಂಡರಿಸಿದರು. ಆದರೂ ಬರೆಯಿರಿ, ‘ಸಾಮಾನು ಸರಿಯಾಗಿ ಮುಟ್ಟಿದೆ’ ಎಂಬುದಕ್ಕೆ ಸಹಿ ಹಾಕಿದ ಮೇಲೆ ಯಾರೂ ಕೇಳುವುದಿಲ್ಲ. ವಾಷಿಂಗ್ ಮಷಿನ್ ಜೋಡಿಸಿಕೊಡುವುದೂ ಒಪ್ಪಂದದಲ್ಲಿತ್ತು, ಆದರೆ ಅವರ ತಂತ್ರಜ್ಞರ ಸರಹದ್ದು ಶಿವಮೊಗ್ಗಕ್ಕೇ ಮುಗಿಯುತ್ತದಂತೆ. ಮೇಸ್ತ್ರಿ ಫೋನಿನಲ್ಲಿ ಹೇಳಿಕೊಟ್ಟಂತೆ ಬೋಲ್ಟುಗಳನ್ನು ನಾನೇ ಬಿಚ್ಚಿದೆ. ಬಚ್ಚಲಿನ ಪಕ್ಕ ಕೂತಿರುವ ಯಂತ್ರ ಚೆನ್ನಾಗಿ ನಡೆಯುತ್ತಿದೆ, ಬೋಲ್ಟುಗಳು ಮತ್ತೆ ಡಬ್ಬಿ ಸೇರಿವೆ.

ಇವರನ್ನು ಮತ್ತೆ ಕರೆಯುತ್ತೇನೆಯೇ? ಆ ಮೇಸ್ತ್ರಿಯೇ ಬರುತ್ತಾರೆಂದು ಬರೆದುಕೊಟ್ಟರೆ ಕಣ್ಣುಮುಚ್ಚಿ ಕರೆಯುತ್ತೇನೆ. ಗಾಜಿಗೆ 1,200 ರೂಪಾಯಿ ಕೊಡುವುದಾಗಿ ಕಚೇರಿ ಹೇಳಿದೆ, ಹೇಳುತ್ತಲೇ ಇದೆ. ರಸ್ತೆ ಸಾಗಣೆ ಕಾಯ್ದೆ, 2007ರ ಪ್ರಕಾರ ದಾವೆ ಹೂಡಬೇಕಿದ್ದರೆ ಬುಕಿಂಗ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಕರಡು ಸಿದ್ಧವಿದೆ, ಈ ವಾರ ಸಾಗರದ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡುತ್ತೇನೆ.