150-600 ಲೆನ್ಸ್: ದೂರಕ್ಕಿಂತ ಹತ್ತಿರಕ್ಕೇ ಜಾಸ್ತಿ ಬಳಸುತ್ತಿದ್ದೇನೆ

ಮೊದಲು ಬೇಜಾರಿನ ವಿಷಯ ಹೇಳಿಬಿಡುತ್ತೇನೆ. 150ರಿಂದ 600 ಎಂಎಂವರೆಗಿನ (ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ) ಈ ಜೂಮ್ ಲೆನ್ಸ್ ಜಾರುತ್ತದೆ. ಕ್ಯಾಮೆರಾ ಹೆಗಲಿಗೆ ನೇತುಹಾಕಿಕೊಂಡು ನಡೆಯುವಾಗ ಮುಂದಿನ ಕೊಳವೆ ತನ್ನ ಭಾರಕ್ಕೇ ಮೆಲ್ಲಗೆ ಹೊರಗೆ ಇಳಿಯುತ್ತದೆ. 150ರಲ್ಲಿ ಇಟ್ಟದ್ದು ಸ್ವಲ್ಪ ದೂರ ನಡೆಯುವಷ್ಟರಲ್ಲಿ 300 ದಾಟಿರುತ್ತದೆ. ಲಾಕ್ ಇದೆ, ನಿಜ. ಆದರೆ ಹಕ್ಕಿ ಕಂಡಾಗ ಆ ಲಾಕ್ ಹುಡುಕಿ ತೆಗೆಯುವುದರಲ್ಲೇ ಹೊತ್ತು ಹೋಗುತ್ತದೆ. ಹೊಸದರಲ್ಲಿ ಇಷ್ಟು ಸಡಿಲ ಇರಲಿಲ್ಲ. ಸರ್ವಿಸ್ ಸೆಂಟರಿನಲ್ಲಿ ತೋರಿಸಿದರೆ, ಈ ಥರದ ಲೆನ್ಸುಗಳೆಲ್ಲ ಹೀಗೇ ಎಂದು ವಾಪಸ್ ಕೊಟ್ಟರು. ಹೆಚ್ಚುಕಮ್ಮಿ ಎರಡು ಕೆಜಿ ತೂಗುವ ಲೆನ್ಸ್ ಹೆಗಲಿಗೇ ಬೀಳುತ್ತದೆ ಅಂತ ಮಾಡಿದವರಿಗೆ ಗೊತ್ತಿರಬೇಕು ಅಲ್ವಾ?

ಇನ್ನು ಬೆಳಕಿನ ವಿಷಯ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಹಿಡಿಯುತ್ತದೆ. 600 ಎಂಎಂ ಎಫ್ 4 ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ನನ್ನ ಜೇಬಿಗೆ ಎಟುಕುವುದಿಲ್ಲ, ಹೊತ್ತು ತಿರುಗಲು ನನ್ನ ಬೆನ್ನೂ ಒಪ್ಪುವುದಿಲ್ಲ. 600ನ್ನು 4ರಿಂದ ಭಾಗಿಸಿದರೆ 150. ಅಂದರೆ ಮುಂದಿನ ಗಾಜು ಕಮ್ಮಿ ಅಂದರೂ 150 ಮಿ.ಮೀ. ಅಗಲ ಇರಲೇಬೇಕು. ನನ್ನ ಲೆನ್ಸ್ 600ರಲ್ಲಿ ಎಫ್ 6.3, ಅದರಿಂದ ಭಾಗಿಸಿದರೆ 95. ಅದಕ್ಕೇ ಇದನ್ನು ಕೈಯಲ್ಲಿ ಹಿಡಿದು ಓಡಾಡಲು ಆಗುವುದು. ಅಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 1600 ಸಾಕಾದರೆ ಇಲ್ಲಿ 4000 ಬೇಕಾಗುತ್ತದೆ. ಮರದಡಿಯ ನೆರಳಿನಲ್ಲಿ, ಮುಸ್ಸಂಜೆಯಲ್ಲಿ ಒದ್ದಾಟವೇ. ಇದು ಗೊತ್ತಿದ್ದೇ ಕೊಂಡದ್ದು, ಹಾಗಾಗಿ ನನ್ನ ದೂರಿಲ್ಲ.

ದೂರದ ಹಕ್ಕಿ ಹಿಡಿಯಲು ಅಂತಲೇ ಎಲ್ಲರೂ ಇದನ್ನು ಕೊಳ್ಳುತ್ತಾರೆ. ಬೆಳಿಗ್ಗೆ ಬೇಗ ಹೋದರೆ ಚೆನ್ನಾಗಿಯೇ ಬರುತ್ತದೆ, ಎಫ್ 8ಕ್ಕೆ ಇಳಿಸಿದರೆ ಗರಿಯ ಅಂಚುಗಳು ಇನ್ನಷ್ಟು ಚೊಕ್ಕ. ಬಿಸಿಲೇರಿದ ಮೇಲೆ ಕೆರೆಯ ಆಚೆ ದಡದ ಕೊಕ್ಕರೆಗೆ ಗುರಿಯಿಟ್ಟರೆ ಮಾತ್ರ ಯಾವ ಫೋಟೋವೂ ನೆಟ್ಟಗೆ ಬರುವುದಿಲ್ಲ. ಕಾದ ನೆಲದ ಮೇಲಿನ ಬಿಸಿಗಾಳಿ ಬೆಳಕನ್ನು ಅತ್ತಿತ್ತ ಬಗ್ಗಿಸುತ್ತಿರುತ್ತದೆ. ಅದರ ನಡುವೆ ಎಷ್ಟು ದುಬಾರಿ ಲೆನ್ಸ್ ಇಟ್ಟರೂ ಅಷ್ಟೇ. ಫೋಕಸ್ ಸರಿಯಿಲ್ಲ ಅಂತ ಲೆನ್ಸ್ ಮಾರಿಬಿಡುವವರು ಒಮ್ಮೆ ತಂಪು ಹೊತ್ತಿನಲ್ಲಿ ತೆಗೆದು ನೋಡಬೇಕು.

ನಾನು ಇದನ್ನು ಇನ್ನೂ ಇಟ್ಟುಕೊಂಡಿರುವುದು ಬೇರೆಯೇ ಕಾರಣಕ್ಕೆ. ಏರೋಪ್ಲೇನ್ ಚಿಟ್ಟೆಗಳಿಗಾಗಿ.

ನನ್ನ ಲೆನ್ಸ್ ಸುಮಾರು 2.8 ಮೀಟರ್ ಹತ್ತಿರದವರೆಗೂ ಫೋಕಸ್ ಮಾಡುತ್ತದೆ. ನನ್ನದು ಕ್ರಾಪ್ ಸೆನ್ಸರ್ (ಬೆಳಕು ಹಿಡಿಯುವ ಫಲಕ ಚಿಕ್ಕದಿರುವ) ಕ್ಯಾಮೆರಾ. 600ರಲ್ಲಿ ಅಷ್ಟು ಹತ್ತಿರದಿಂದ ತೆಗೆದರೆ ಫ್ರೇಮಿನ ಅಗಲಕ್ಕೆ ಹಿಡಿಸುವುದು ಸುಮಾರು 12 ಸೆಂ.ಮೀ. ಜಾಗ ಅಷ್ಟೇ. ಐದು ಸೆಂ.ಮೀ. ಉದ್ದದ ಚಿಟ್ಟೆ ಆ ಅಗಲದ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ತುಂಬುತ್ತದೆ. 100 ಎಂಎಂ ಮ್ಯಾಕ್ರೋದಲ್ಲಿ (ಸಣ್ಣದನ್ನು ಹತ್ತಿರದಿಂದ ತೆಗೆಯುವ ಲೆನ್ಸಿನಲ್ಲಿ) ಇಷ್ಟು ದೊಡ್ಡದಾಗಿ ಬೇಕೆಂದರೆ ಮುಕ್ಕಾಲು ಮೀಟರಿನಷ್ಟು ಹತ್ತಿರಕ್ಕೆ ಹೋಗಬೇಕು, ಅಷ್ಟರೊಳಗೆ ಅದು ಹಾರಿರುತ್ತದೆ. ಮೂರು ಮೀಟರ್ ಆಚೆ ನಿಂತರೆ ಅದಕ್ಕೆ ನನ್ನ ಗೊಡವೆಯೇ ಇಲ್ಲ. ಹಾರಿದರೂ ಎಷ್ಟೋ ಸಲ ಒಂದು ಸುತ್ತು ಹಾಕಿ ಅದೇ ಕಡ್ಡಿಗೆ ಬಂದು ಕೂರುತ್ತದೆ. ಅದಕ್ಕೇ ನಾನು ಚಿಟ್ಟೆಯ ಬೆನ್ನು ಹತ್ತುವುದಿಲ್ಲ. ಕಡ್ಡಿಗೆ ಫೋಕಸ್ ಮಾಡಿಟ್ಟು ಸುಮ್ನೆ ಕಾಯುತ್ತೇನೆ.

ಹಾಗೆ ಕಾಯುವಾಗ ಕಾಣುವುದೇ ಬೇರೆ. ರೆಕ್ಕೆಯ ತುದಿಯ ಹತ್ತಿರ ಒಂದು ಚಿಕ್ಕ ಗಾಢ ಬಣ್ಣದ ಚೌಕ. ತಲೆಯನ್ನೆಲ್ಲ ಆವರಿಸಿದ ಕಣ್ಣು, ಅದರೊಳಗಿನ ಸಣ್ಣ ಸಣ್ಣ ಚುಕ್ಕೆ. ಬಿಸಿಲು ಚುರುಕಾದರೆ ಕೆಲವು ಜಾತಿಯವು ಬಾಲವನ್ನು ನೇರ ಸೂರ್ಯನ ಕಡೆಗೆ ಎತ್ತಿ ನಿಲ್ಲುತ್ತವೆ. ಮೈಗೆ ತಾಗುವ ಬಿಸಿಲು ಕಮ್ಮಿಯಾಗಲಿ ಅಂತ. ಇದನ್ನು ಮೊದಲ ಸಲ ವ್ಯೂಫೈಂಡರಿನಲ್ಲಿ ದೊಡ್ಡದಾಗಿ ನೋಡಿದಾಗ ಶಟರ್ ಒತ್ತುವುದನ್ನೇ ಮರೆತಿದ್ದೆ.

ಈ ದೂರದಲ್ಲಿ ಎಫ್ 8 ಇಟ್ಟರೂ ಚೊಕ್ಕವಾಗಿ ಬರುವ ಆಳ ಬರೀ ಒಂದು ಸೆಂ.ಮೀ. ಆಸುಪಾಸು. ಆದ್ದರಿಂದ ಪಕ್ಕದಿಂದ ತೆಗೆಯುವುದೇ ಸರಿ, ಕಣ್ಣಿನಿಂದ ಬಾಲದವರೆಗೆ ಮೈ ಪೂರ್ತಿ ಕ್ಯಾಮೆರಾಕ್ಕೆ ಅಡ್ಡಲಾಗಿರಬೇಕು. ಹಿನ್ನೆಲೆಗೆ ಸಿಗುವ ಜಾಗವೂ ಇಷ್ಟೇ ಇಷ್ಟು. ಅರ್ಧ ಹೆಜ್ಜೆ ಎಡಕ್ಕೆ ಸರಿದರೆ ಹೊಳೆಯುವ ನೀರು ಹೋಗಿ ಪೊದೆಯ ಕಡು ನೆರಳು ಬರುತ್ತದೆ. ಸಾಫ್ಟ್‌ವೇರಿನಲ್ಲಿ ಎಷ್ಟು ತಿದ್ದಿದರೂ ಬಾರದ ಅಂದ ಆ ಅರ್ಧ ಹೆಜ್ಜೆಯಲ್ಲಿ ಸಿಗುತ್ತದೆ.

ಹೊರಡುವ ಮುನ್ನ ಮಾಡುವ ಕೆಲಸಗಳೂ ಈಗ ಕೈಗೆ ಹತ್ತಿವೆ. ಹುಡ್ (ಲೆನ್ಸಿನ ಮುಂದೆ ಹಾಕುವ ನೆರಳಿನ ಕೊಳವೆ) ತಿರುಗಿಸಿ ಹಾಕಿ ಸ್ಕ್ರೂ ಬಿಗಿಮಾಡುತ್ತೇನೆ. ಫೋಕಸ್ ಲಿಮಿಟರ್ ಗುಂಡಿಯನ್ನು ಹತ್ತಿರದ ಕಡೆಗೆ ತಳ್ಳುತ್ತೇನೆ, ಇಲ್ಲದಿದ್ದರೆ ಫೋಕಸ್ ಅನಂತದವರೆಗೂ ಹೋಗಿ ಹುಡುಕಾಡಿ ಬರುತ್ತದೆ. ಟ್ರೈಪಾಡ್ ಕಾಲರಿನ (ಲೆನ್ಸನ್ನು ಟ್ರೈಪಾಡಿಗೆ ಸಿಕ್ಕಿಸುವ ಬಳೆಯ) ಪಾದವನ್ನು ಅಂಗೈಯಲ್ಲಿಟ್ಟು, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯುತ್ತೇನೆ. ಕೈ ನಡುಕ ತಡೆಯುವ ಸ್ಟೆಬಿಲೈಸರ್ ಇರುವುದರಿಂದ ಕೂತ ಚಿಟ್ಟೆಗೆ 1/250 ಸೆಕೆಂಡಿನ ಶಟರ್ ಸಾಕು. ಹಾರುವ ಹಕ್ಕಿಗೆ 1/2000 ಆದರೂ ಬೇಕು.

ಮನೆಗೆ ಬಂದ ಮೇಲೆ ಕೊಳವೆಯನ್ನು ಪೂರ್ತಿ ಹೊರಗೆಳೆದು, ಮೆತ್ತನೆಯ ಹತ್ತಿಬಟ್ಟೆಯಿಂದ ಸುತ್ತಲೂ ಒರೆಸಿ, ಆಮೇಲೆ ನಿಧಾನಕ್ಕೆ ಒಳಗೆ ತಳ್ಳುತ್ತೇನೆ. ಹೊರಗೆ ಚಾಚುವ ಜೂಮ್ ಲೆನ್ಸ್ ಪ್ರತಿ ಸಲ ಗಾಳಿ ಎಳೆದುಕೊಳ್ಳುತ್ತದೆ. ಒರೆಸದೆ ಮಡಚಿದರೆ ಧೂಳು, ತೇವ ಎರಡೂ ಒಳಗೆ ಹೋಗುತ್ತವೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲೇ ಇಡುತ್ತೇನೆ. ಗಾಜಿನ ಮೇಲೆ ಇನ್ನೂ ಫಂಗಸ್ ಕಂಡಿಲ್ಲ.

ಮುಖ್ಯವಾಗಿ ಕಾಡಿನ ನೆರಳಿನಲ್ಲಿ ತೆಗೆಯುವವರು ಇನ್ನೊಂದಷ್ಟು ಕಾಲ ದುಡ್ಡು ಕೂಡಿಟ್ಟು, ಇದಕ್ಕಿಂತ ಹೆಚ್ಚು ಬೆಳಕು ಹಿಡಿಯುವ ಲೆನ್ಸ್ ನೋಡುವುದು ಒಳ್ಳೆಯದು. ಬಯಲು, ಕೆರೆ, ತೋಟ ಅಂತ ಓಡಾಡುವವರಿಗೆ ಧೈರ್ಯವಾಗಿ ಹೇಳುತ್ತೇನೆ, ತಗೊಳ್ಳಿ. ಅಂಗಡಿಗೆ ನಿಮ್ಮ ಕ್ಯಾಮೆರಾವನ್ನೇ ಒಯ್ಯಿರಿ. ಎಲ್ಲರೂ ಬಾಗಿಲಿನಾಚೆಯ ದೂರದ ಬೋರ್ಡಿಗೆ ಗುರಿಯಿಟ್ಟು ನೋಡುತ್ತಾರೆ. ನೀವು ಮೂರು ಮೀಟರ್ ದೂರದಲ್ಲಿ ಒಂದು ಪೆನ್ನು ಇಟ್ಟು, 600ರಲ್ಲಿ ಅದರ ಮೇಲಿನ ಅಕ್ಷರ ತೆಗೆದು ನೋಡಿ. ಆಮೇಲೆ ಲೆನ್ಸನ್ನು ನೆಲದ ಕಡೆ ಮುಖಮಾಡಿ ಹಿಡಿದು ಸ್ವಲ್ಪ ಅಲ್ಲಾಡಿಸಿ. ಹೊಸದರಲ್ಲೇ ಜಾರಿದರೆ ಇನ್ನೊಂದು ಪೀಸ್ ಕೇಳಿ.