ಹೂವು ನೋಡಿ ಪ್ಯಾಶನ್ ಫ್ರೂಟ್ ಸಸಿ ತರಬೇಡಿ

ದಾವಣಗೆರೆ, ಚಿತ್ರದುರ್ಗದ ಕಡೆ ಯಾರಾದರೂ ಈ ಮಳೆಗಾಲಕ್ಕೆ ಪ್ಯಾಶನ್ ಫ್ರೂಟ್ ಹಚ್ಚುವವರಿದ್ದರೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ.

ಎರಡು ವರ್ಷದ ಹಿಂದೆ ಹೊಳಲ್ಕೆರೆಯಲ್ಲಿ ಟೆಂಪೋ ನಿಲ್ಲಿಸಿಕೊಂಡು ಸಸಿ ಮಾರುತ್ತಿದ್ದವನ ಹತ್ತಿರ 12 ಸಸಿ ತಂದೆ, ಒಂದಕ್ಕೆ 120 ರೂಪಾಯಿ. ಬೋರ್‌ವೆಲ್ ಪಕ್ಕ ಕಲ್ಲುಕಂಬ ನಿಲ್ಲಿಸಿ, ತಂತಿ ಎಳೆಸಿ, ಚಪ್ಪರ ಹಾಕಿಸಿದ್ದಕ್ಕೆ ಅದರ ಹತ್ತರಷ್ಟು ಹೋಯಿತು.

ಬಳ್ಳಿ ಹಬ್ಬಿತು, ಹೂವೂ ಬಂತು. ಅವ್ವ ಎಣಿಸಿ ತೋರಿಸಿದಳು: ಸುತ್ತಲಿನ ಎಳೆಗಳು ಕೌರವರು, ಮೇಲೆ ಐವರು ಪಾಂಡವರು, ತುದಿಗೆ ತ್ರಿಮೂರ್ತಿಗಳು. ಲೆಕ್ಕ ಸರಿ ಇದೆ ಅಂದುಕೊಂಡೆ. ಮೋಸ ಹೋಗಿದ್ದೇ ಅಲ್ಲಿ. ಪ್ಯಾಶನ್ ಫ್ರೂಟ್ ಸೇರಿರುವ ಪ್ಯಾಸಿಫ್ಲೋರಾ ಕುಲದಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ, ಹೆಚ್ಚುಕಮ್ಮಿ ಎಲ್ಲದರ ಹೂವಿಗೂ ಇದೇ ಲೆಕ್ಕ.

ಕಾಯಿ ಮಾತ್ರ ಒಂದೂ ಇಲ್ಲ. ಫೋನ್ ಮಾಡಿದರೆ, "ದುಂಬಿ ಕಮ್ಮಿ ಅದಾವ್ರಿ, ಬ್ರಷ್‌ನಾಗ ಪರಾಗ ಮುಟ್ಟಿಸ್ರಿ" ಅಂದ. ಮಾತು ಪೂರ್ತಿ ಸುಳ್ಳಲ್ಲ, ಹಳದಿ ಪ್ಯಾಶನ್ ಫ್ರೂಟ್ ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ಮಗಳ ಪೇಂಟಿಂಗ್ ಬ್ರಷ್ ಹಿಡಿದು ಒಂದು ತಿಂಗಳು ಹೂವಿಂದ ಹೂವಿಗೆ ಅಲೆದೆ.

ಯುಗಾದಿಗೆ ಬಂದ ತಂಗಿ ಮಗ ಬಾಟನಿ ಓದಿದವನು. ಹೂವಿನ ಕಡೆ ನೋಡಲೇ ಇಲ್ಲ, ಎಲೆ ಕಿತ್ತು ಅಂಚಿನ ಮೇಲೆ ಬೆರಳಾಡಿಸಿದ. "ಮಾವ, ಇದು ನೀಲಿ ಜಾತಿ. ಕೃಷ್ಣಕಮಲ ಅಂತ ಅಂಗಳದಲ್ಲಿ ಹಬ್ಬಿಸ್ತಾರಲ್ಲ, ಅದು."

ಅವನು ತೋರಿಸಿಕೊಟ್ಟಿದ್ದು ಹೀಗೆ. ತಿನ್ನುವ ಹಣ್ಣಿನ ಬಳ್ಳಿಯ, ಅಂದರೆ ಪ್ಯಾಸಿಫ್ಲೋರಾ ಎಡುಲಿಸ್‌ನ ಬಲಿತ ಎಲೆಗೆ ಮೂರು ಸೀಳು, ಅಂಚಿಗೆ ಗರಗಸದಂಥ ಸಣ್ಣ ಹಲ್ಲು. ತೊಟ್ಟಿನ ತುದಿಯಲ್ಲಿ, ಎಲೆ ಶುರುವಾಗುವಲ್ಲೇ, ಸಾಸಿವೆಗಿಂತ ಚಿಕ್ಕ ಗಂಟು ಎರಡು. ನೀಲಿ ಜಾತಿ ಸೆರೂಲಿಯಾಕ್ಕೆ ಸಾಮಾನ್ಯವಾಗಿ ಐದು ಸೀಳು, ಅಂಚು ನುಣುಪು, ಗಂಟುಗಳು ತೊಟ್ಟಿನ ನಡುವೆ. ತೊಟ್ಟು ಬಳ್ಳಿಗೆ ಸೇರುವಲ್ಲಿ ಎರಡೂ ಕಡೆ ಕಿವಿಯಂಥ ಅಗಲ ಎಸಳು; ಎಡುಲಿಸ್‌ನಲ್ಲಿ ಅದೇ ಜಾಗದಲ್ಲಿ ದಾರದಂಥ ಎಳೆ ಅಷ್ಟೆ. ಹೂವಿನಲ್ಲೂ ಗುರುತಿದೆ. ಎಡುಲಿಸ್‌ನ ಎಳೆಗಳು ಬುಡದಲ್ಲಿ ನೇರಳೆ, ತುದಿ ಬಿಳಿ, ಗುಂಗುರು ಕೂದಲಿನಂತೆ. ನೀಲಿಯದು ನೆಟ್ಟಗೆ, ಬಣ್ಣ ಪಟ್ಟೆ ಪಟ್ಟೆ. ಆದರೆ ಹೂವು ಬರುವಷ್ಟರಲ್ಲಿ ಚಪ್ಪರದ ದುಡ್ಡು ಹೋಗಿರುತ್ತದೆ.

ಎಳೆ ಸಸಿಯಲ್ಲಿ ಸೀಳು ಎಣಿಸಿ ಪ್ರಯೋಜನವಿಲ್ಲ, ಎಡುಲಿಸ್ ಸಸಿಯ ಮೊದಲ ಎಲೆಗಳು ಸೀಳದೆ ಇಡಿಯಾಗಿಯೇ ಇರುತ್ತವೆ. ಅಂಚು, ಗಂಟು ನೋಡಿ, ಸಾಧ್ಯವಾದರೆ ತಾಯಿಬಳ್ಳಿಯನ್ನೇ ತೋರಿಸು ಅನ್ನಿ. ಮೈಯೆಲ್ಲ ರೋಮ, ಉಜ್ಜಿದರೆ ನಾತ, ಕಾಯಿಗೆ ಬಲೆಯಂಥ ಹೊದಿಕೆ ಇದ್ದರೆ ಅದು ಇದೇ ಕುಲದ, ಬೇಲಿಯಲ್ಲಿ ತಾನೇ ಬೆಳೆಯುವ ಫೀಟಿಡಾ ಜಾತಿ, ಅದಕ್ಕೆ ದುಡ್ಡು ಯಾಕೆ?

ಮನೆಯಲ್ಲಿ ಮಕ್ಕಳಿದ್ದರೆ ನೀಲಿ ಜಾತಿಯ ಎಳೆಗಾಯಿ ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ. ಕಿತ್ತಳೆ ಬಣ್ಣಕ್ಕೆ ಪೂರ್ತಿ ಹಣ್ಣಾದರೆ ತಿನ್ನಬಹುದು, ರುಚಿ ಬರೀ ಸಪ್ಪೆ.

ಮಾರಿದವನ ಫೋನ್ ಈಗ ಸ್ವಿಚ್ ಆಫ್. ಹನ್ನೊಂದು ಬಳ್ಳಿ ಕಿತ್ತು ಹಾಕಿದೆ. ಹನ್ನೆರಡನೆಯದಕ್ಕೆ ಅವ್ವ ಕೈ ಹಚ್ಚಲು ಬಿಡಲಿಲ್ಲ, ದೇವರ ಫೋಟೋಕ್ಕೆ ದಿನಾ ಹೂವು ಬೇಕಂತೆ.